ಕೊನೆಯ ಪಕ್ಕೆಲುಬಿನ ಬಳಿ

ಡ್ರಿಫೀಲ್ಡಿನ ಹೊರಗೆ, ಸುಣ್ಣಕಲ್ಲಿನ ಗುಡ್ಡದ ಮಗ್ಗುಲಲ್ಲಿ
ನಮ್ಮ ತಗಡಿನ ಕೊಟ್ಟಿಗೆ.
ಬೆಳಿಗ್ಗೆ ಏಳಕ್ಕೆ ತಕ್ಕಡಿಯ ಬಾಗಿಲು ಢಣ್ಣೆಂದು ಬೀಳುತ್ತದೆ.
ಒಳಗೊಂದು ಹಂದಿ, ಹೊರಗೆ ನಾನು,
ನಡುವೆ ಒಂದು ಬಾಟಲಿ ಅಡುಗೆ ಎಣ್ಣೆ.

ಬೆನ್ನ ನಡುಗೆರೆಯಿಂದ ಅರವತ್ತೈದು ಮಿಲಿಮೀಟರು ಆಚೆ,
ಕೊನೆಯ ಪಕ್ಕೆಲುಬಿನ ನೇರಕ್ಕೆ,
ಎಣ್ಣೆ ಸವರಿ ಪ್ರೋಬ್ ಒತ್ತುತ್ತೇನೆ.
ಬಸುರಿಯ ಹೊಟ್ಟೆಯಲ್ಲಿ ಕೂಸು ಹುಡುಕುವ ಅದೇ ಯಂತ್ರ
ಇಲ್ಲಿ ಹುಡುಕುವುದು ನೆಣ.
ಬೂದು ಪರದೆಯ ಮೇಲೆ ಎರಡು ಬಿಳಿ ಗೆರೆ,
ಗೆರೆಗಳ ನಡುವಿನ ಕತ್ತಲೇ ಉತ್ತರ:
ಹತ್ತು. ಒಂಬತ್ತೂವರೆ. ಹನ್ನೊಂದು.

ಅಜ್ಜಿ ಚೋಂದಮ್ಮ ಮಾಂಸದಂಗಡಿಯಲ್ಲಿ ಬೆರಳಿಟ್ಟು ಅಳೆಯುತ್ತಿದ್ದಳು.
ಎರಡು ಬೆರಳಿಗೆ ಕಡಿಮೆಯಾದರೆ
"ಇದೇನು ಹಂದಿಯೋ ಜಿಂಕೆಯೋ" ಎಂದು
ಕೈ ಒರೆಸಿಕೊಂಡು ಹೊರಟುಬಿಡುತ್ತಿದ್ದಳು.
ಅವಳ ಪಾತ್ರೆಗೆ ಯಾರೂ ಎಣ್ಣೆ ಹೊಯ್ದಿದ್ದಿಲ್ಲ,
ಹಂದಿ ತನ್ನ ನೆಣದಲ್ಲೇ ತಾನು ಬೇಯುತ್ತಿತ್ತು.
ಇಲ್ಲಿ ನನ್ನ ಬಾಣಲೆಗೆ ಸೂರ್ಯಕಾಂತಿ ಬೇಕು.
ಅಳತೆಗೂ ಎಣ್ಣೆ, ಅಡುಗೆಗೂ ಎಣ್ಣೆ.
ನಲವತ್ತು ತಲೆಮಾರು ಅಳೆದಳೆದು ನಾವೇ ತೆಗೆದದ್ದನ್ನು
ಅಂಗಡಿಯಿಂದ ತಂದು ಸುರಿಯುತ್ತೇನೆ.

ನೂಲಿನಂತೆ ಸೀರೆ ಎನ್ನುತ್ತೇವಲ್ಲ,
ನನ್ನ ಕೋಷ್ಟಕ ಅಷ್ಟು ಧೈರ್ಯ ಮಾಡುವುದಿಲ್ಲ.
ಬೆನ್ನ ನೆಣದಲ್ಲಿ ಅರ್ಧ ನೂಲಿನದು,
ಉಳಿದರ್ಧ ತೊಟ್ಟಿಯದು, ಚಳಿಯದು, ಪಕ್ಕ ಮಲಗಿದವರದು.
ದಿನಕ್ಕೆಷ್ಟು ಬೆಳೆದೀತು ಎಂಬಲ್ಲಿ ನೂಲಿನ ಪಾಲು ಇನ್ನೂ ಕಡಿಮೆ.
ಆದರೂ ಸಾಕು. ಪ್ರತಿ ಸಲ ಅದೊಂದೇ ಎಳೆ ಹಿಡಿದು ಎಳೆದರೆ
ಸೀರೆಯೇ ಬೇರೆಯಾಗುತ್ತದೆ.

ನಾರ್ಮನ್ ಥ್ಯಾಕ್ರೆಗೆ ಈ ಲೆಕ್ಕ ಹಿಡಿಸದು.
ವಯಸ್ಸು ಅರವತ್ತಮೂರು, ಕೈಯಲ್ಲಿ ಹಲಗೆ, ಬಾಯಲ್ಲಿ ಪುದೀನ ಮಿಠಾಯಿ.
ಅವನು ಹುಡುಗನಾಗಿ ಕೆಲಸಕ್ಕೆ ಸೇರಿದಾಗ
ಮರಿಗಳ ಮೂತಿಗೆ ರಬ್ಬರು ಮುಖವಾಡ ಹಿಡಿದು ಅರಿವಳಿಕೆ ಬಿಡುತ್ತಿದ್ದರಂತೆ:
ಸಡಿಲಾದದ್ದು ಉಳಿಯಿತು, ಕಾಲು ಸೆಟೆದದ್ದು ಹೊರಗೆ.
"ಸೆಟೆದವೇ ಚೆಂದ ಇದ್ದವು," ಎನ್ನುತ್ತಾನೆ, "ತೊಡೆ ಅಂದರೆ ತೊಡೆ.
ಲಾರಿ ಹತ್ತಿಸುವಷ್ಟರಲ್ಲಿ ನಡುಗಿ ಸತ್ತವು.
ಯಾರೂ ಹೊಡೆದಿರಲಿಲ್ಲ."
ಇನ್ನೂರೆಪ್ಪತ್ತು ಕೋಟಿ ಅಕ್ಷರಗಳಲ್ಲಿ ಒಂದೇ ಒಂದು ಬದಲಾದದ್ದು.
ಅವನಿಗೆ ಕನ್ನಡ ಬರುತ್ತಿದ್ದರೆ ಹೇಳುತ್ತಿದ್ದೆ:
ಬಲ ಎಂದು ಬರೆ.
ಕೊನೆಯ ಅಕ್ಷರಕ್ಕೊಂದು ಗುಡಿಸು ಕೊಡು.
ಓದು.

ಇವತ್ತು ಬಂದವಳ ಕಿವಿಯಲ್ಲಿ ಇಪ್ಪತ್ತೆರಡು ಹದಿನಾರು.
ನಿಧಾನದವಳು, ಐದು ದಿನ ತಡವಾಗಿ ತೂಕ ಮುಟ್ಟಿದವಳು.
ತಕ್ಕಡಿಯೊಳಗೆ ನಿಂತೇ ತೂಕಡಿಸಿದಳು.
ಪರದೆ ನೋಡಿದೆ: ಹದಿನೇಳು.
ಎಲ್ಲರನ್ನೂ ಬಿಟ್ಟು ಇವಳಿಗೆಲ್ಲಿಂದ ಬಂತು ಈ ಕೊಬ್ಬು!
ನಮ್ಮ ಕಡೆ ಇದು ಬೈಗುಳ,
ಇಲ್ಲಿ ಬರೀ ಒಂದು ಅಂಕಣದ ಹೆಸರು.

ಥ್ಯಾಕ್ರೆ ಹಲಗೆಗೆ ಒರಗಿ ಕೆಮ್ಮಿದ.
"ಹೋದ ಚಳಿಗಾಲ ಇವಳಮ್ಮ ಹದಿನಾಲ್ಕು ಹಾಕಿ
ಹದಿನಾಲ್ಕನ್ನೂ ಉಳಿಸಿದಳು.
ಪಕ್ಕದ ಒಣಕಲುಗಳ ಹಾಲು ಮೂರನೇ ವಾರಕ್ಕೇ ಬತ್ತಿತು.
ಅದಕ್ಕೆ ನಿನ್ನ ಕಾಗದದಲ್ಲಿ ಜಾಗ ಇದೆಯಾ, ಡೇಚೂ?"
ಇದೆ ಎಂದೆ. ಇದೆ, ಬೇರೆ ಅಂಕಣದಲ್ಲಿ,
ಅಲ್ಲಿ ಗುಣಕ ಚಿಕ್ಕದು.
"ಹನ್ನೆರಡು ಅಂತ ಬರಿ."

ಎಣ್ಣೆ ಒರೆಸಿ, ಮತ್ತೆ ಸವರಿ, ಮತ್ತೆ ಒತ್ತಿದೆ.
ಹದಿನೇಳು.
ಆಚೆ ಮಗ್ಗುಲು, ಹದಿನೇಳೂವರೆ.
ಹದಿನೇಳೂಕಾಲು ಎಂದು ಬರೆದೆ.

ಅವನು ಏನೂ ಅನ್ನಲಿಲ್ಲ. ಬಾಗಿಲೆತ್ತಿದ.
ಹಿಡಿ ಹುಲ್ಲು ತೆಗೆದು ಅವಳ ಬೆನ್ನ ಎಣ್ಣೆಯನ್ನು ತಿಕ್ಕಿ ತಿಕ್ಕಿ ಒರೆಸಿದ,
ಯಾವತ್ತೂ ಒರೆಸಿದವನಲ್ಲ.
ಕೆಂಪು ಗುರುತಿನ ಓಣಿಗೆ ಹೋಗಬೇಕಾದವಳು
ನಡುವೆ ನಿಂತು ನನ್ನ ಬೂಟು ಮೂಸಿದಳು.
ಮಾರ್ಚಿಯ ಗಾಳಿ, ಸಮುದ್ರದ ಕಡೆಯದು, ತಗಡಿನ ಸಂದಿಯಿಂದ.
ಕೈಗವಸು ಕಳಚಿ ಅದೇ ಜಾಗದಲ್ಲಿ,
ಕೊನೆಯ ಪಕ್ಕೆಲುಬಿನ ನೇರಕ್ಕೆ, ಅಂಗೈ ಇಟ್ಟೆ.
ಎರಡು ಬೆರಳಿಗೆ ಇನ್ನೂ ಕಡಿಮೆಯೇ.

"ಮುಂದಿನದು," ಎಂದೆ.